ನಾಲ್ಕನೆಯ ಟೇಪು

ರಾಮದುರ್ಗ
7 ಜನವರಿ 2024

ಮಾಮಾ,

ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಎರಡು ಸಲ ನಂಬರು ಒತ್ತಿ ಬಿಟ್ಟೆ. ಸತ್ಯವ್ವ ಅತ್ತೆ ಎತ್ತಿದರೆ ಊಟ ಆಯಿತೇ, ಡ್ಯೂಟಿ ಯಾವಾಗ ಎನ್ನುವುದರಲ್ಲೇ ಮುಗಿಯುತ್ತದೆ. ನೀವು ಎತ್ತಿದರೆ ನಾನೇ ಮಾತು ಬದಲಿಸುತ್ತೇನೆ. ಅದಕ್ಕೇ ಕಾಗದ.

ಹೋದ ವಾರ ನಮ್ಮ ವಾರ್ಡಿನಲ್ಲಿ ಬಾಯವ್ವ ಎಂಬ ಮುದುಕಿ ತೀರಿಕೊಂಡಳು. ಅವಳ ಮಗ ಹೊರಗಿನ ಬೆಂಚಿನ ಮೇಲೆ ಕೂತು, ಅವಳು ಎಂದೋ ಮೊಬೈಲಿಗೆ ಕಳಿಸಿದ್ದ ಒಂದು ಮಾತನ್ನೇ ಮತ್ತೆ ಮತ್ತೆ ಹಾಕುತ್ತಿದ್ದ. "ಬರೂಮುಂದ ಬಾಳಿಹಣ್ಣ ತರಬ್ಯಾಡೋ, ಮನ್ಯಾಗ ಅದಾವು." ಅಷ್ಟೇ. ನಾನು ಇಂಜೆಕ್ಷನ್ ಟ್ರೇ ಹಿಡಿದು ಅಲ್ಲೇ ನಿಂತುಬಿಟ್ಟೆ. ಸಿಸ್ಟರ್ ಬೈದ ಮೇಲೆ ಒಳಗೆ ಹೋದೆ.

ನಮ್ಮ ಅವ್ವನ ದನಿ ಹೇಗಿತ್ತು ನನಗೆ ಗೊತ್ತಿಲ್ಲ. ಸಣ್ಣದೋ ದಪ್ಪವೋ, ಅದೂ ಗೊತ್ತಿಲ್ಲ. ಅವಳು ಹೋದಾಗ ನಾನು ಆರು ತಿಂಗಳ ಕೂಸು. ಅಪ್ಪನನ್ನು ಕೇಳಿದರೆ "ಛಲೋ ಇತ್ತವಾ" ಅಂದು ಪೇಪರು ತಿರುವಿದರು. ನನ್ನನ್ನು ಸಾಕಿದ ಮಂಜುಳವ್ವ ಅವಳನ್ನು ಕಂಡವಳೇ ಅಲ್ಲ. ಅಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಎರಡು ವರ್ಷವಾಗಿತ್ತು.

ನಿಮ್ಮ ಹತ್ತಿರ ಕ್ಯಾಮೆರಾ ಇತ್ತು, ತಂಗಿಯದೆಲ್ಲ ಹಿಡಿದಿದ್ದೀರಿ ಎಂದು ನಿಮ್ಮವ್ವ ಚನ್ನವ್ವಜ್ಜಿ ಒಮ್ಮೆ ಅಂದಿದ್ದಳು. ಅಜ್ಜಿಯೂ ಹೋಗಿ ಎರಡು ವರ್ಷ. ಆ ಟೇಪುಗಳು ಇನ್ನೂ ಇವೆಯೇ? ಒಂದು ಮಾತು ಇದ್ದರೂ ಸಾಕು. ಯಾರನ್ನೋ ಬೈದದ್ದಾದರೂ ಆದೀತು.

ನಿಮ್ಮ ಸೋದರ ಸೊಸೆ
ಮೀನಾ


ಮುನವಳ್ಳಿ
21 ಜನವರಿ 2024

ಮೀನವ್ವಾ,

ಇಲ್ಲಿ ನನ್ನ ಎಡಮೊಣಕಾಲೊಂದು ಬಿಟ್ಟರೆ ಉಳಿದದ್ದೆಲ್ಲ ಹೇಳಿದಂತೆ ಕೇಳುತ್ತಿದೆ. ನಿಮ್ಮ ಅತ್ತೆಯನ್ನು ಆ ಲೆಕ್ಕಕ್ಕೆ ಹಿಡಿಯಬೇಡ.

ಟೇಪು ಇವೆ. ನಾಲ್ಕು. ನಮ್ಮವ್ವನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೆ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಕ್ಯಾಮೆರಾ ಕೂಡ ಇದೆ. ನಿಮ್ಮವ್ವ ನಾಗರತ್ನಾಳ ಮದುವೆ ಗೊತ್ತಾದ ವರ್ಷ ಬೆಳಗಾವಿಯಿಂದ ತಂದದ್ದು. ಪಾತ್ರೆ-ಭಾಂಡೆ ಅಂಗಡಿ ಇಟ್ಟವನಿಗೆ ಇದೇಕೆ ಬೇಕು ಎಂದು ಪೇಟೆಯವರೆಲ್ಲ ನಕ್ಕರು. ಅದರ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದು ಏಳನೆಯ ತರಗತಿ ತನಕ. ಡಿಕ್ಷನರಿ ಮಗ್ಗುಲಿಗೆ ಇಟ್ಟುಕೊಂಡು ಒಂದೊಂದು ಗುಂಡಿಗೂ ಅರ್ಥ ಹುಡುಕಿ ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಆ ವಹಿಯೂ ಟ್ರಂಕಿನಲ್ಲೇ ಸಿಕ್ಕಿತು. ಅದರಲ್ಲಿ ಬರೆದ ಹಾಗೆ ಮಾಡಿದರೆ ಕ್ಯಾಮೆರಾ ಇವತ್ತಿಗೂ ಏಳುತ್ತದೆ.

ಇದನ್ನು ನಿನ್ನ ತನಕ ಮುಟ್ಟಿಸುವುದೇ ಪಂಚಾಯಿತಿಯಾಗಿತ್ತು. ಸವದತ್ತಿಯ ಕಂಪ್ಯೂಟರ್ ಅಂಗಡಿಯವ ವಾಯರನ್ನು ಹಿಂದೆ ಮುಂದೆ ತಿರುವಿ ನೋಡಿ, "ಇದನ್ನ ಚುಚ್ಚೂ ತೂತು ಈಗಿನ ಕಂಪ್ಯೂಟರಿಗೆ ಇಲ್ರಿ ಅಜ್ಜಾರ. ಟೇಪ ಬಿಟ್ಟ ಹೋಗ್ರಿ, ಹುಬ್ಬಳ್ಳಿಗೆ ಕಳಸತೇವಿ" ಅಂದ. ನಾನು ಬಿಡಲಿಲ್ಲ. ಹುಬ್ಬಳ್ಳಿಯಲ್ಲಿ ಯಾರ ಟೇಬಲಿನ ಮೇಲೆ ಬಿದ್ದಿರುತ್ತವೋ.

ಕೊನೆಗೆ ಬೈಲಹೊಂಗಲದ ಅಜಿತನ ಹತ್ತಿರ ಹೋದೆ. ಮೂವತ್ತು ವರ್ಷದಿಂದ ಟಿವಿ ರಿಪೇರಿ ಮಾಡುವವ. "ಕಾಕಾ, ಕಂಪ್ಯೂಟರ್ ಹಂಗ ಯಾಕ ಬೇಕ್ರಿ?" ಅಂದು ಮಾಳಿಗೆ ಹತ್ತಿ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದ. ನೋಡಲು ಡಿವಿಡಿ ಪ್ಲೇಯರಿನಂತೆಯೇ ಇದೆ, ಆದರೆ ಇದು ಡಿಸ್ಕಿನ ಮೇಲೆ ತಾನೇ ಬರೆಯುತ್ತದೆ. ಕ್ಯಾಮೆರಾದಿಂದ ಇದಕ್ಕೆ ಮೂರು ಬಾಯಿಯ ವಾಯರು: ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ದನಿಗೆ. ಇದರಿಂದ ಟಿವಿಗೆ ಇನ್ನೊಂದು ವಾಯರು. ಅಲ್ಲಿ ಟೇಪು ಓಡಿಸಬೇಕು, ಇಲ್ಲಿ ಕೆಂಪು ಗುಂಡಿ ಒತ್ತಬೇಕು. ತಾಸಿನ ಟೇಪಿಗೆ ತಾಸು ಕೂಡಬೇಕು.

"ಕ್ಯಾಮೆರಾಕ್ಕ ವಯಸ್ಸಾಗೇತಿ, ಭಾಳ ಓಡಸಬ್ಯಾಡ್ರಿ" ಅಂದಿದ್ದಾನೆ. ನನಗೂ ಅದನ್ನೇ ಹೇಳುವವರಿದ್ದಾರೆ.

ನಾಳೆ ಮಧ್ಯಾಹ್ನ ಶುರು ಮಾಡುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿಮ್ಮ ಮಾಮಾ
ವಿರೂಪಾಕ್ಷಪ್ಪ


ಮುನವಳ್ಳಿ
12 ಫೆಬ್ರುವರಿ 2024

ಮೀನವ್ವಾ,

ಮೊದಲು ಕಳಿಸಿದ ಡಿಸ್ಕು ನಿಮ್ಮ ಪ್ಲೇಯರಿನಲ್ಲಿ ಓಡಲಿಲ್ಲ ಎಂದು ಫೋನು ಮಾಡಿದ್ದೆಯಲ್ಲ, ತಪ್ಪು ನನ್ನದೇ. ಬರೆದು ಮುಗಿದ ಮೇಲೆ ಡಿಸ್ಕಿಗೆ ಸೀಲು ಹಾಕಬೇಕಂತೆ. ರಿಮೋಟಿನಲ್ಲಿ ಅದಕ್ಕೊಂದು ಬೇರೆ ಹುಕುಂ ಇದೆ. ಅದನ್ನು ಕೊಡದಿದ್ದರೆ ಬರೆದ ಪೆಟ್ಟಿಗೆ ಬಿಟ್ಟು ಬೇರೆ ಯಾವುದರಲ್ಲೂ ಓಡದು. ಸೀಲು ಬಿದ್ದ ಮೇಲೆ ಅದಕ್ಕೆ ಇನ್ನೇನೂ ಸೇರಿಸಲೂ ಬರದು. ಅಜಿತ ಹೇಳಿದ್ದ, ನಾನು ವಹಿಯಲ್ಲಿ ಬರೆದುಕೊಂಡಿರಲಿಲ್ಲ. ಈಗ ನಾಲ್ಕೂ ಸೀಲಾಗಿ ಈ ಕಾಗದದ ಜೊತೆ ಬರುತ್ತಿವೆ.

ಮೊದಲನೆಯದು ಮದುವೆ. ಪೂರ್ತಿ ಬ್ಯಾಂಡು. ಎರಡನೆಯದು ಬಸುರಿಯ ಕುಬಸ, ಹೆಂಗಸರು ಹಾಡುತ್ತಾರೆ, ನಿಮ್ಮವ್ವ ತಲೆ ಬಗ್ಗಿಸಿ ಕೂತಿದ್ದಾಳೆ. ಬೀಗರ ಎದುರು ಬಾಯಿ ತೆಗೆಯುವ ರೂಢಿ ಆಗ ಇರಲಿಲ್ಲ. ಮನೆಯಲ್ಲಿ ಅವಳು ಹಾಗಿದ್ದವಳಲ್ಲ, ನಿಮ್ಮತ್ತೆಯನ್ನು ಕೇಳು. ಮೂರನೆಯದು ನಿನ್ನನ್ನು ತೊಟ್ಟಿಲಿಗೆ ಹಾಕಿದ್ದು. ಕಿವಿಯಲ್ಲಿ ಹೆಸರು ಕರೆಯುವಾಗ ತುಟಿ ಅಲ್ಲಾಡುತ್ತದೆ, ಕೇಳುವುದಿಲ್ಲ. ನೀನು ಮಾತ್ರ ಚೆನ್ನಾಗಿ ಕೇಳುತ್ತೀ. ಏನು ಕಿರುಚಾಟ.

ನಾಲ್ಕನೆಯದು ಐದನೆಯ ತಿಂಗಳಲ್ಲಿ ನಿಮ್ಮಿಬ್ಬರನ್ನು ರಾಮದುರ್ಗಕ್ಕೆ ಕಳಿಸಿದ ದಿನದ್ದು. ಅದರ ಮೇಲೆ ಜೋಗುಳದ ಹಾಡು ಇದೆ. ಆಗೆಲ್ಲ ಹಾಗೆಯೇ ಮಾಡುತ್ತಿದ್ದರು.

ಅವಳು ಚೆಂದ ಕಾಣುತ್ತಾಳೆ. ನಿನ್ನ ಹುಬ್ಬು ಅವಳದೇ.

ಮಾಮಾ


ರಾಮದುರ್ಗ
8 ಮಾರ್ಚ್ 2024

ಮಾಮಾ,

ನಾಲ್ಕೂ ನೋಡಿದೆ. ಮಂಜುಳವ್ವ ಮಗ್ಗುಲಲ್ಲಿ ಕೂತಿದ್ದಳು. ಅಪ್ಪ ಹೊಲದ ಕಡೆ ಕೆಲಸ ಇದೆ ಎಂದು ಎದ್ದು ಹೋದರು. ಹೊಲದಲ್ಲಿ ಈಗ ಏನೂ ಇಲ್ಲ.

ಅವ್ವ ನಡೆಯುವುದನ್ನು ನೋಡಿದೆ. ಸೆರಗು ಸರಿಮಾಡಿಕೊಳ್ಳುವುದನ್ನು ನೋಡಿದೆ. ಇಷ್ಟು ಸಿಕ್ಕಿತಲ್ಲ ಅಂತ ಅಂದುಕೊಳ್ಳಬೇಕು. ಆದರೆ ಕೇಳಿದ್ದು ಇದನ್ನಲ್ಲ.

ನಾಲ್ಕನೆಯದರಲ್ಲಿ ಟೆಂಪೋದ ಹತ್ತಿರ ನನ್ನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಾಳೆ. ಕ್ಯಾಮೆರಾ ನೋಡಿ, ಅಂದರೆ ನಿಮ್ಮನ್ನು ನೋಡಿ, ಬಹಳ ಹೊತ್ತು ಏನೋ ಹೇಳುತ್ತಾಳೆ. ಅಲ್ಲಿ ಬೀಗರು ಹತ್ತಿರ ಇಲ್ಲ, ಬ್ಯಾಂಡೂ ಇಲ್ಲ. ಅಲ್ಲಿಯೇ ಜೋಗುಳ ಜೋರಾಗಿದೆ. ನಾನು ಟಿವಿಯ ಹತ್ತಿರ ಹೋಗಿ ತುಟಿ ನೋಡಿ ಓದಲು ಕೂತೆ. "ಅಣ್ಣಾ" ಎಂಬುದು ಸಿಕ್ಕಿತು. ಮುಂದಿನದು ಸಿಗಲಿಲ್ಲ.

ಆ ಹಾಡು ಹಾಕಿದವರು ಯಾರು? ಅವಳು ನಿಮಗೆ ಏನು ಹೇಳಿದಳು?

ಮೀನಾ


ಮುನವಳ್ಳಿ
28 ಏಪ್ರಿಲ್ 2024

ಮೀನವ್ವಾ,

ನೀನು ಕಾಗದ ಬರೆದು ಐವತ್ತು ದಿನವಾಯಿತು. ನೀನು ಫೋನು ಮಾಡಿದಾಗಲೆಲ್ಲ ನಾನು ಜಳಕದ ಮನೆಯಲ್ಲಿದ್ದೇನೆ ಎಂದು ನಿಮ್ಮತ್ತೆಯಿಂದ ಹೇಳಿಸಿದೆ. "ಇಷ್ಟ ಸರ್ತಿ ಜಳಕಾ ಮಾಡಿದರ ಮೈ ಕರಗತೈತಿ, ಬರದ ಕಳಸ್ರಿ" ಅಂದಳು ನಿನ್ನೆ.

ಹಾಡು ಹಾಕಿದವನು ನಾನು.

ಬಾಣಂತಿಯನ್ನು ಬೆಸ ತಿಂಗಳಲ್ಲಿ ಗಂಡನ ಮನೆಗೆ ಕಳಿಸುವುದು ನಮ್ಮ ಮನೆಯ ಪದ್ಧತಿ. ಐದು ತಪ್ಪಿದರೆ ಏಳು. ಐದರ ಕೊನೆಗೆ ಆಷಾಢ ಬರುತ್ತಿತ್ತು, ಆಷಾಢದಲ್ಲಿ ಕಳಿಸುವಂತಿಲ್ಲ. ಅದಕ್ಕೇ ಕಾರಹುಣ್ಣಿವೆ ಮುಗಿದ ನಾಲ್ಕನೆಯ ದಿನಕ್ಕೆ ಸ್ವಾಮಿಗಳಿಂದ ಮುಹೂರ್ತ ಹೇಳಿಸಿದೆ. ನಿಮ್ಮಪ್ಪ, ನಿಮ್ಮಪ್ಪನ ಕಡೆಯವರು ಟೆಂಪೋ ತಂದರು. ತೊಟ್ಟಿಲು, ಹಾಸಿಗೆ, ಉಂಡಿ, ಕರದಂಟು ಎಲ್ಲ ಏರಿಸಿ ಆಗಿತ್ತು. ನಾನು ಕ್ಯಾಮೆರಾ ಹಿಡಿದು ತಿರುಗುತ್ತಿದ್ದೆ. ಬೀಗರು ಒಳಗೆ ಚಹಾ ಕುಡಿಯುತ್ತಿದ್ದಾಗ ನಿಮ್ಮವ್ವ ನನ್ನ ಎದುರಿಗೆ ಬಂದು ನಿಂತಳು.

"ಅಣ್ಣಾ, ಈ ಸಲ ಬ್ಯಾಡೋ. ಏಳನೇ ತಿಂಗಳಿಗೆ ಹೋಗತೇನಿ. ನನಗ ಯಾಕೋ ಮೈಯಾಗ ಆಗವಲ್ದು" ಅಂದಳು.

ನಾನು ಕ್ಯಾಮೆರಾ ಇಳಿಸಲಿಲ್ಲ. "ತೊಟ್ಟಿಲಾ ಏರೇತಿ. ಈಗ ಇಳಿಸಿದರ ಬೀಗರು ಏನಂದಾರು? ಹೋಗಿ ಮುಟ್ಟು. ಪಂಚಮಿಗೆ ನಾನ ಬಂದು ಕರಕೊಂಡು ಬರತೇನಿ" ಅಂದೆ. ಅವಳು ತಿರುಗಿ ಹೋಗಿ ಟೆಂಪೋ ಹತ್ತಿದಳು.

ನಾಗರಪಂಚಮಿಗೆ ಆರು ದಿನ ಇದ್ದಾಗ ಹೋಗಿಬಿಟ್ಟಳು.

ಆಮೇಲೆ ನಮ್ಮವ್ವ ದಿನಾ ಸಂಜೆ ಚಹಾ ಆದ ಮೇಲೆ "ಆ ಟೇಪ ಹಾಕಪಾ" ಎನ್ನುತ್ತಿದ್ದಳು. ನಾನು ಹಾಕುತ್ತಿದ್ದೆ. ಆ ಮಾತು ಬಂದಾಗ ಅವ್ವ ಟಿವಿ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಒಂದು ತಿಂಗಳು ನಡೆಯಿತು. ಆ ಕ್ಯಾಮೆರಾದಲ್ಲಿ ಚಿತ್ರ ಹಾಗೇ ಉಳಿಸಿ ಅದರ ಮೇಲೆ ಬೇರೆ ದನಿ ತುಂಬುವ ಗುಂಡಿಯೊಂದಿದೆ. ಒಂದು ಮಧ್ಯಾಹ್ನ ಕೂತು ಜೋಗುಳದ ಕ್ಯಾಸೆಟ್ಟು ತುಂಬಿಬಿಟ್ಟೆ. ಅವ್ವನಿಗೆ ಸಮಾಧಾನ ಆಗಲಿ ಎಂದು ಮಾಡಿದೆ, ಹಾಗಂತ ಈ ಇಪ್ಪತ್ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಸಂಜೆ ಅವ್ವ ಪೂರ್ತಿ ನೋಡಿದಳು, ಪೂರ್ತಿ ಕೇಳಿದಳು, ಎದ್ದು ಒಳಗೆ ಹೋದಳು. ಸಾಯುವ ತನಕ ಮತ್ತೆ ಆ ಟೇಪು ಕೇಳಲಿಲ್ಲ.

ನಿಮ್ಮವ್ವನ ದನಿ ಇದ್ದದ್ದು ಅದೊಂದರಲ್ಲೇ. ಅದನ್ನು ಅಳಿಸಿದವನು ನಾನು. ಫೆಬ್ರುವರಿಯಲ್ಲಿ ಇದನ್ನು ಬರೆಯಬೇಕಿತ್ತು. "ಆಗೆಲ್ಲ ಹಾಗೆಯೇ ಮಾಡುತ್ತಿದ್ದರು" ಎಂದು ಬರೆದೆ.

ವಿರೂಪಾಕ್ಷಪ್ಪ


ಮುನವಳ್ಳಿ
16 ಜೂನ್ 2024

ಮೀನವ್ವಾ,

ನಿನ್ನಿಂದ ಉತ್ತರ ಇಲ್ಲ. ಬರಲಿ ಎಂದು ಇದನ್ನು ಬರೆಯುತ್ತಿಲ್ಲ. ಈ ಡಿಸ್ಕು ಯಾವುದೆಂದು ತಿಳಿಸಲು ಬರೆಯುತ್ತಿದ್ದೇನೆ. ಒಬ್ಬಳೇ ಇದ್ದಾಗ ಹಾಕು.

ಪೆಟ್ಟಿಗೆ ಹಿಂದಿರುಗಿಸಲು ಬೈಲಹೊಂಗಲಕ್ಕೆ ಹೋಗಿದ್ದೆ. ಕ್ಯಾಮೆರಾವನ್ನೂ ವಹಿಯನ್ನೂ ಒಯ್ದಿದ್ದೆ, ಇನ್ನು ನನಗೆ ಬೇಡ, ಬಿಡಿಭಾಗಕ್ಕಾದರೂ ಆದೀತು, ಇಟ್ಟುಕೋ ಅಂದೆ. ಒಳಗೆ ಆ ನಾಲ್ಕನೆಯ ಟೇಪು ಹಾಗೇ ಉಳಿದಿತ್ತು. ಅಜಿತ ಅದನ್ನು ತೆಗೆಯುವ ಮೊದಲು ನನ್ನ ವಹಿ ತಿರುವಿ ನಗುತ್ತಿದ್ದ. ಒಂದು ಕಡೆ ನಿಂತ.

"ಕಾಕಾ, ಇಲ್ಲೆ 'ಈ ಟೇಪಿಗೆ ಮೆನುದಾಗ ದನಿ ಎರಡಕ್ಕ ತಿರುವು, ಆಮ್ಯಾಗ ಓಡಸು' ಅಂತ ಬರದೀರಲ್ಲ, ಯಾಕ?"

"ಕ್ಯಾಮೆರಾ ಕೊಟ್ಟಾಂವ ಹಂಗ ಹೇಳಿದ್ದ. ಎರಡಕ್ಕ ಇಟ್ಟರ ಹಾಡ ಕೇಳತೈತಿ ಅಂತ."

"ಒಂದಕ್ಕ ಇಟ್ಟರ?"

"ಒಂದಕ್ಕ ನಾ ಇಟ್ಟೇ ಇಲ್ಲ."

ಅವನು ನನ್ನ ಮುಖ ನೋಡಿದ. "ಈ ಕ್ಯಾಮೆರಾ ಹಳೇ ಆವಾಜ್ ಅಳಸೂದಿಲ್ರಿ ಕಾಕಾ. ಹೊಸಾದನ್ನ ಅದರ ಬಾಜೂಕ ಬರೀತೈತಿ. ಎರಡೂ ಅದರಾಗ ಇರತಾವು."

ಒಂದಕ್ಕೆ ತಿರುವಿ ಓಡಿಸಿದ. ನಾಗರತ್ನಾ ಮಾತಾಡಿದಳು. ಗಿರಾಕಿಯೊಬ್ಬ ಮಿಕ್ಸರ್ ಹಿಡಿದು ನಿಂತಿದ್ದ. ಅಜಿತ ಮೂರು ಮಾತಿಗೇ ಬಂದ್ ಮಾಡಿ, ನನ್ನ ಕಡೆ ನೋಡದೆ, "ಇದನ್ನ ಮನ್ಯಾಗ ಕೇಳ್ರಿ, ಪೆಟಿಗಿನೂ ಒಯ್ರಿ" ಅಂದ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ವಹಿಯಲ್ಲಿ ಬರೆದದ್ದನ್ನು ನಾನು ಎಂದೂ ಮೀರಿದವನಲ್ಲ. ಒಂದು ಸಲ ಮೀರಿದ್ದರೆ ನೀನು ಚಿಕ್ಕವಳಿದ್ದಾಗಲೇ ಇದನ್ನು ಕೇಳುತ್ತಿದ್ದೆ. ನಮ್ಮವ್ವ ಕೂಡ ಇನ್ನೊಮ್ಮೆ ಕೇಳುತ್ತಿದ್ದಳು.

ನಿನ್ನೆ ಮಧ್ಯಾಹ್ನ ವಾಯರು ಹಚ್ಚಿ ಕೂತೆವು, ನಾನು ಮತ್ತು ನಿಮ್ಮತ್ತೆ. ಕಂಪ್ಯೂಟರ್ ಆಗಿದ್ದರೆ ಕೇಳದೆಯೇ ನಕಲು ಮಾಡಿ ಕೊಡುತ್ತಿತ್ತೋ ಏನೋ. ಈ ಪೆಟ್ಟಿಗೆಯ ಎದುರು ಅಷ್ಟೂ ಹೊತ್ತು ಕೂಡಲೇಬೇಕು. ಅಂಗಳ ಬಂತು, ಟೆಂಪೋ ಬಂತು. ನನ್ನ ಕೈಯಲ್ಲಿ ರಿಮೋಟು ಇತ್ತು. ಅವಳು "ಅಣ್ಣಾ" ಅನ್ನುವ ತನಕ ಬರೆಸಿ ಅಲ್ಲಿಗೆ ತಡೆದು, ನನ್ನ ಉತ್ತರ ಮುಗಿದ ಮೇಲೆ ಮತ್ತೆ ಶುರು ಮಾಡಬಹುದಿತ್ತು. ದನಿ ನಿನಗೆ ಸಿಗುತ್ತಿತ್ತು. ಕಾಗದದಲ್ಲಿ ಹೇಗೂ ಒಪ್ಪಿಕೊಂಡಿದ್ದೇನೆ, ಆ ನನ್ನ ದನಿಯನ್ನೂ ನೀನು ಕೇಳುವುದು ಏಕೆ ಎಂಬ ಯೋಚನೆ ಬಂದದ್ದು ನಿಜ. ಹೆಬ್ಬೆರಳು ಗುಂಡಿಯ ಮೇಲೆ ಇತ್ತು.

"ರಿಮೋಟ ಕೆಳಗ ಇಡ್ರಿ" ಅಂದಳು ಸತ್ಯವ್ವ.

ಇಟ್ಟೆ. ಏನನ್ನೂ ಬಿಡದೆ ಬರೆದಿದೆ. ಕಾಗದದಲ್ಲಿ ನನ್ನ ಮಾತನ್ನು ನಾನು ಮೆತ್ತಗೆ ಬರೆದಿದ್ದೆ, ಅಲ್ಲಿ ಅಷ್ಟು ಮೆತ್ತಗಿಲ್ಲ. ಸೀಲು ಹಾಕಿದ್ದೇನೆ.

ಮಾಮಾ


ರಾಮದುರ್ಗ
9 ಜುಲೈ 2024

ಮಾಮಾ,

ಏಪ್ರಿಲ್ ಕಾಗದಕ್ಕೆ ಉತ್ತರ ಬರೆದಿದ್ದೆ. ಅಂಚೆಗೆ ಹಾಕಲಿಲ್ಲ. ಹಾಕುವಂಥದ್ದಾಗಿರಲಿಲ್ಲ ಅದು.

ಡಿಸ್ಕು ಬಂದು ಎರಡು ವಾರ ಬೀರುವಿನಲ್ಲಿ ಇತ್ತು. ಮೊನ್ನೆ ರಜೆ ಇತ್ತು. ಮಂಜುಳವ್ವ ತಾನೇ ಅಪ್ಪನನ್ನು ಕರೆದುಕೊಂಡು ಪೇಟೆಗೆ ಹೋದಳು, ನನಗೆ ಮನೆ ಬಿಟ್ಟುಕೊಟ್ಟಳು.

ಅವಳ ದನಿ ನನ್ನದಕ್ಕಿಂತ ದಪ್ಪ. ನಾನು ಸಣ್ಣ ದನಿ ಅಂದುಕೊಂಡಿದ್ದೆ, ಏಕೋ ಗೊತ್ತಿಲ್ಲ.

ಆದರೆ ಮೊದಲ ಸಲ ನಾನು ದನಿಯನ್ನು ಕೇಳಲೇ ಇಲ್ಲ ಮಾಮಾ. "ಏಳನೇ ತಿಂಗಳಿಗೆ" ಅಂದು ನಿಲ್ಲುತ್ತಾಳೆ. ಉಸಿರು ಎಳೆದುಕೊಂಡು "ಹೋಗತೇನಿ" ಅನ್ನುತ್ತಾಳೆ. ಒಂದು ಮಾತಿಗೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಾಳೆ. ನಾನು ಟಿವಿ ನಿಲ್ಲಿಸಿ ಅವಳ ಪಾದ ನೋಡಿದೆ. ಬಾತಿವೆ. ಕಾಲುಂಗುರ ಚರ್ಮದೊಳಗೆ ಹೂತಿದೆ. ಬಾಣಂತಿಯರ ಹೃದಯವೇ ದಣಿಯುವ ಜಡ್ಡು ಒಂದಿದೆ, ಹೆರಿಗೆಯಾಗಿ ಐದು ತಿಂಗಳ ತನಕವೂ ಬರುತ್ತದೆ. ಕೈಹಿಡಿದು ನೋಡದೆ ಖಾತ್ರಿ ಹೇಳಲಾರೆ. ಆದರೆ ಇಂಥ ಉಸಿರು ತೆಗೆದುಕೊಂಡು ಒಬ್ಬ ಬಾಣಂತಿ ಇವತ್ತು ನಮ್ಮ ಬಾಗಿಲಿಗೆ ಬಂದರೆ ನಾನು ಅವಳನ್ನು ನಡೆಯಲೂ ಬಿಡುವುದಿಲ್ಲ, ಗಾಲಿಕುರ್ಚಿ ತರಿಸುತ್ತೇನೆ. ಅದನ್ನು ಕಲಿತವರಿಗೆ ಕಾಣುತ್ತದೆ. ಅಂಗಳದಲ್ಲಿದ್ದ ಯಾರಿಗೂ ಕಾಣುವಂತಿರಲಿಲ್ಲ. ನಿಮಗೂ, ಅಪ್ಪನಿಗೂ. ಇನ್ನೆರಡು ತಿಂಗಳು ಮುನವಳ್ಳಿಯಲ್ಲೇ ಇದ್ದಿದ್ದರೆ ಉಳಿಯುತ್ತಿದ್ದಳೇ ಎಂದರೆ, ಅಲ್ಲಿಯೂ ಎಲ್ಲರೂ ಬಾಣಂತಿ ಸುಸ್ತು ಎಂದೇ ಅನ್ನುತ್ತಿದ್ದರು.

ನಿಮ್ಮದು ತಪ್ಪಲ್ಲ ಎಂದು ಬರೆಯಲು ಎರಡು ಸಲ ಕೂತೆ. ಬರೆಯಲಾಗಲಿಲ್ಲ. ತಪ್ಪು ಎಂದು ಬರೆಯಲೂ ಆಗಲಿಲ್ಲ. ನೀವು "ಬೀಗರು ಏನಂದಾರು" ಅನ್ನುವಾಗಿನ ದನಿ ಕೇಳಿದೆ. ಅವಸರದ ದನಿ. ಸಿಟ್ಟಿನದಲ್ಲ.

ಎರಡನೆಯ ಸಲವೂ ಉಸಿರನ್ನೇ ಎಣಿಸಿದೆ. ಮೂರನೆಯ ಸಲ ಎಣಿಸಬಾರದು ಎಂದು ಕಣ್ಣು ಮುಚ್ಚಿ ಕೂತೆ. ಆಗ ಅವಳು ನಿಮ್ಮ ಹತ್ತಿರ ಬರುವ ಮೊದಲಿನದು ಕೇಳಿತು. ಟೆಂಪೋದವರು ತೊಟ್ಟಿಲು ಏರಿಸುತ್ತ ಕೂಗಾಡುತ್ತಿದ್ದಾರೆ. ಅವಳು ಅವರಿಗೆ ಹೇಳುತ್ತಾಳೆ, "ಮೆಲ್ಲಕ ಮಾತಾಡ್ರಿ, ಕೂಸ ಮಲಗೇತಿ."

ಆಮೇಲಿನದನ್ನೆಲ್ಲ ಅವಳು ಮೆಲ್ಲನೆಯ ದನಿಯಲ್ಲೇ ಹೇಳುತ್ತಾಳೆ. ನಿಮ್ಮನ್ನು ಬೇಡಿಕೊಳ್ಳುವುದನ್ನೂ. ನಾನು ಹೆಗಲ ಮೇಲೆ ಮಲಗಿದ್ದೇನೆ, ಏಳುವುದಿಲ್ಲ.

ಮೀನಾ